ಚರ್ಮದ ಏಡಿಗಂತಿ: ಗುರುತಿಸುವ ಬಗೆ ಮತ್ತು ಶಸ್ತ್ರಚಿಕಿತ್ಸೆ

ಚರ್ಮದ ಜೀವಕೋಶಗಳು ದೇಹದ ಅಂಕೆಯನ್ನು ಮೀರಿ, ತಮಗೆ ನಿಯತವಾದ ಹುಟ್ಟು ಬೆಳವಣಿಗೆ ಸಾವುಗಳ ಕ್ರಮವನ್ನು ತೊರೆದು, ಸುತ್ತಣ ಅಂಗಾಂಶವನ್ನು ಕೊರೆಯುತ್ತ ವೃದ್ಧಿಯಾಗುವ ವ್ಯಾಧಿಗೆ ಚರ್ಮದ ಏಡಿಗಂತಿ ಎಂದು ಹೆಸರು. ಚರ್ಮಾರ್ಬುದವೆಂದೂ, ಜನರ ಬಾಯಲ್ಲಿ ಚರ್ಮದ ಕ್ಯಾನ್ಸರ್ ಎಂದೂ ಇದನ್ನು ಕರೆಯುವುದುಂಟು. ಒಡಲೊಳಗಣ ಏಡಿಗಂತಿ, ಅದು ಜಠರದ್ದಾಗಲಿ ಮೇದೋಜೀರಕಾಂಗದ್ದಾಗಲಿ, ತನ್ನ ಇರವನ್ನು ತಿಳಿಸುವ ವೇಳೆಗೆ ಬಹುಮಟ್ಟಿಗೆ ಬೇರೂರಿಬಿಟ್ಟಿರುತ್ತದೆ; ಚರ್ಮದ್ದಾದರೋ ಮೊದಲ ದಿನದಿಂದಲೇ ಬೆಳಕಿನಲ್ಲಿ ಬೆಳೆಯುವಂಥದು, ರೋಗಿಯೂ ಅವನ ಮನೆಯವರೂ ದಿನವೂ ಕಾಣುವಂಥದು. ಹೀಗಿದ್ದೂ ನಮ್ಮ ದೇಶದಲ್ಲಿ ಈ ರೋಗಿಗಳಲ್ಲಿ ಅನೇಕರು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ತೀರ ತಡವಾಗಿ. ಇದಕ್ಕೆ ಬಡತನವೂ ದೂರವೂ ಕಾರಣಗಳೇ ಸರಿ. ಆದರೆ ಇನ್ನೊಂದು ಕಾರಣವುಂಟು. ಈ ರೋಗದ ಲಕ್ಷಣಗಳನ್ನು ಪುಸ್ತಕಗಳು ಬಿಳಿಯ ಜನರ ಮೂಗು ಕೆನ್ನೆಗಳನ್ನು ನೋಡಿ ಬರೆದಿವೆ. ನಮ್ಮವರಲ್ಲಿ ಅದು ಅಂಗಾಲಿನಲ್ಲಿ, ಉಗುರಿನ ಬುಡದಲ್ಲಿ, ಹಳೆಯ ಸುಟ್ಟಗಾಯದ ಕಲೆಯಲ್ಲಿ, ಅಂದರೆ ಯಾರೂ ಹುಡುಕದ ಎಡೆಗಳಲ್ಲಿ, ಹಲವು ವೇಳೆ ತಲೆಯೆತ್ತುತ್ತದೆ.

ಚರ್ಮವು ಎರಡು ಪದರಗಳಿಂದಾದುದು. ಮೇಲಣ ಹೊರಚರ್ಮ ದೇಹದ ಬಹುಭಾಗದಲ್ಲಿ ಕಾಗದದ ಹಾಳೆಯಷ್ಟು ತೆಳುವು, ಅಂಗೈ ಅಂಗಾಲುಗಳಲ್ಲಿ ಮಾತ್ರ ದಪ್ಪ. ಅದರ ಕೆಳಗಣ ಒಳಚರ್ಮದಲ್ಲಿ ರಕ್ತನಾಳಗಳೂ ದುಗ್ಧರಸನಾಳಗಳೂ ನರಗಳೂ ಹರಡಿಕೊಂಡಿವೆ. ಹೊರಚರ್ಮದ ಅಡಿಯಲ್ಲಿ ಒತ್ತಾಗಿ ನಿಂತಿರುವ ತಳಕೋಶಗಳು ಹೊಸ ಕೋಶಗಳನ್ನು ಹಡೆದು ಮೇಲಕ್ಕೆ ತಳ್ಳುತ್ತಿರುತ್ತವೆ; ಹಾಗೆ ಮೇಲೇರಿದವು ಚಪ್ಪಟೆಯಾಗಿ ಶಲ್ಕಕೋಶಗಳೆನಿಸಿ, ಕಡೆಗೆ ಹುರುಪೆಯಾಗಿ ಉದುರಿಹೋಗುತ್ತವೆ. ತಳಕೋಶಗಳ ನಡುನಡುವೆ ಅಲ್ಲೊಂದು ಇಲ್ಲೊಂದು ಕುಳಿತ ವರ್ಣಕೋಶಗಳು ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವನ್ನು ತಯಾರಿಸಿ ನೆರೆಯವಕ್ಕೆ ಹಂಚುತ್ತವೆ. ಈ ಮೂರು ಬಗೆಯ ಕೋಶಗಳಿಂದ ಮೂರು ಬಗೆಯ ಏಡಿಗಂತಿಗಳು ಹುಟ್ಟುವುವು: ತಳಕೋಶದ್ದು, ಶಲ್ಕಕೋಶದ್ದು, ವರ್ಣಕೋಶದಿಂದಾದ ಮೆಲನೋಮ. ಮರ್ಕೆಲ್ ಕೋಶದ್ದು ಮೊದಲಾದ ವಿರಳ ಪ್ರಭೇದಗಳೂ ಇವೆಯಾದರೂ ಅವುಗಳ ವಿಚಾರ ಇಲ್ಲಿ ಅಪ್ರಸ್ತುತ.

ರೋಗದ ಮುಖ್ಯ ಕಾರಣ ಬಿಸಿಲಿನಲ್ಲಿರುವ ಅತಿನೇರಳೆ ಕಿರಣ. ಅದು ಕೋಶಗಳ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಕೊಂಡಿಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ದೇಹ ಇದನ್ನು ದಿನವೂ ದುರಸ್ತಿ ಮಾಡುತ್ತಲೇ ಇರುತ್ತದೆ. ದುರಸ್ತಿ ತಪ್ಪಿದ ಕಡೆ, ವರ್ಷಗಳು ಕಳೆದ ಮೇಲೆ, ಏಡಿಗಂತಿಯ ಬೀಜ ಮೊಳೆಯುತ್ತದೆ. ಸಮುದ್ರದ ಗಾಳಿ ಬಿಸಿಲುಗಳಿಗೆ ಮೈಯೊಡ್ಡಿ ಬದುಕಿದ ನಾವಿಕರ ಚರ್ಮದಲ್ಲಿ ಈ ರೋಗದ ಪೂರ್ವಲಕ್ಷಣಗಳನ್ನು ಜರ್ಮನಿಯ ಪಾಲ್ ಗೆರ್ಸನ್ ಊನ 1894ರಲ್ಲಿಯೇ ವರ್ಣಿಸಿದನು. ಆಸ್ಟ್ರೇಲಿಯದಲ್ಲಿ ನೆಲಸಿದ ಬಿಳಿಯರಲ್ಲಿ ಈ ರೋಗ ಅತಿ ಸಾಮಾನ್ಯವಾಗಿರುವುದಕ್ಕೂ, ಕರಿಯ ಕಂದು ಮೈಬಣ್ಣದವರಲ್ಲಿ ವಿರಳವಾಗಿರುವುದಕ್ಕೂ ಮೆಲನಿನ್ನಿನ ಕೊರತೆ ಮತ್ತು ಸಮೃದ್ಧಿಗಳೇ ಕಾರಣ. ಹುಟ್ಟಿನಿಂದಲೇ ಮೆಲನಿನ್ ಇಲ್ಲದ ಬಿಳಿಚರು ಯಾವ ದೇಶದಲ್ಲಿದ್ದರೂ ಈ ರಕ್ಷಣೆಯಿಂದ ವಂಚಿತರು; ಅಂಥ ಮಗುವಿರುವ ಮನೆಯವರು ಬಿಸಿಲಿನ ವಿಷಯದಲ್ಲಿ ಎಳವೆಯಿಂದಲೇ ಎಚ್ಚರವಹಿಸಬೇಕು.

ಆದರೆ ಬಿಸಿಲೊಂದೇ ಕಾರಣವೆಂದು ತಿಳಿದರೆ ಭಾರತದ ಕಥೆ ಅರ್ಥವಾಗುವುದಿಲ್ಲ. ಕಾಶ್ಮೀರದ ಜನ ಚಳಿಗಾಲದಲ್ಲಿ ಬುಟ್ಟಿ ಹೆಣೆದ ಮಣ್ಣಿನ ಕುಡಿಕೆಯಲ್ಲಿ ಕೆಂಡ ತುಂಬಿ, ಕಾಂಗ್ರಿ ಎಂಬ ಆ ಅಗ್ಗಿಷ್ಟಿಕೆಯನ್ನು ನಿಲುವಂಗಿಯೊಳಗೆ ಹೊಟ್ಟೆಗೂ ತೊಡೆಗೂ ಆನಿಸಿಕೊಂಡು ಕೂಡುವರು. ದಶಕಗಳ ಕಾಲ ಅದೇ ಎಡೆಗೆ ಶಾಖ ತಾಗಿ ತಾಗಿ ಶಲ್ಕಕೋಶದ ಏಡಿಗಂತಿ ಹುಟ್ಟುವುದನ್ನು ಶ್ರೀನಗರದ ಮಿಷನ್ ಆಸ್ಪತ್ರೆಯ ಅರ್ನೆಸ್ಟ್ ನೀವ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿವರವಾಗಿ ವರದಿಮಾಡಿದನು. ಮುಂಬಯಿಯ ಖಾನೋಲ್ಕರ್ ಮತ್ತು ಸೂರ್ಯಾಬಾಯಿ 1945ರಲ್ಲಿ ಧೋತರದ ಏಡಿಗಂತಿಯನ್ನು ವೈದ್ಯಲೋಕಕ್ಕೆ ಪರಿಚಯಿಸಿದರು: ಸೊಂಟದ ಸುತ್ತ ಪಂಚೆಯನ್ನು ಬಿಗಿದುಟ್ಟ ಎಡೆಯಲ್ಲಿ ಚರ್ಮ ಉಜ್ಜಿ, ಬೆವರಿ, ಮೊದಲು ಕಪ್ಪಾಗಿ ಆಮೇಲೆ ಬಿಳಿಚಿಕೊಂಡು, ಒರಟಾಗಿ, ಕೊನೆಗೆ ಹುಣ್ಣಾಗುವ ರೋಗವದು. ಸೀರೆಯೊಳಗಣ ಲಂಗದ ಲಾಡಿಯ ಗುರುತಿನ ಮೇಲೆ ಹೆಂಗಸರಲ್ಲಿಯೂ ಇದೇ ಬಗೆಯದು ಅಪರೂಪವಾಗಿ ಕಾಣುತ್ತದೆ. ಲಾಡಿಯ ಬದಲು ಅಗಲವಾದ ಪಟ್ಟಿ ಕಟ್ಟುವುದೂ, ದಿನದಿನವೂ ಕಟ್ಟಿನ ಎಡೆಯನ್ನು ತುಸು ಮೇಲೆ ಕೆಳಗೆ ಮಾಡುವುದೂ ಇದನ್ನು ತಡೆಯಲು ನೆರವಾಗುತ್ತವೆ. ಸುಟ್ಟಗಾಯದ ಕಲೆ, ವರ್ಷಾನುಗಟ್ಟಲೆ ಮಾಯದ ಕಾಲಿನ ಹುಣ್ಣು, ಕುಷ್ಠರೋಗದಿಂದ ಸ್ಪರ್ಶಜ್ಞಾನವಿಲ್ಲದ ಪಾದದ ಗಾಯ, ಇವುಗಳಲ್ಲಿ ಹುಟ್ಟುವ ಏಡಿಗಂತಿಗೆ ಫ್ರಾನ್ಸಿನ ಮಾರ್ಜೊಲಿನನ ಹೆಸರಿದೆ. ಇಂಥ ಹುಣ್ಣುಗಳನ್ನು ಅವನು ವರ್ಣಿಸಿದ್ದು 1828ರಲ್ಲಿ. ಮಗುವಾಗಿದ್ದಾಗ ಒಲೆಯ ಬೆಂಕಿಗೆ ತೊಡೆ ಸುಟ್ಟುಕೊಂಡವನು ನಲವತ್ತರ ಮೇಲೆ ಅದೇ ಕಲೆಯ ನಡುವೆ ಒಡೆದ ಗಾಯವೊಂದನ್ನು ಕಂಡು, ಹಳೆಯ ಕಲೆಯಲ್ಲವೇ ಎಂದು ಅರಿಸಿನ ಮೆತ್ತಿ ಸುಮ್ಮನಾಗುವುದು ನಮ್ಮ ಹಳ್ಳಿಗಳಲ್ಲಿ ಅಪೂರ್ವವಲ್ಲ.

ಕುಡಿಯುವ ನೀರಿನಲ್ಲಿ ಬೆರೆತ ಪಾಷಾಣವೂ, ಅಂದರೆ ಆರ್ಸೆನಿಕ್ ಸಹ, ಇದೇ ಪಂಕ್ತಿಗೆ ಸೇರಿದುದು. ಅಂಗೈ ಅಂಗಾಲುಗಳಲ್ಲಿ ಆಣಿಯಂಥ ಸಣ್ಣ ಗಡಸು ಗುಳ್ಳೆಗಳು, ಮೈಮೇಲೆ ಮಳೆಹನಿ ಬಿದ್ದಂತೆ ಕಪ್ಪು ಬಿಳಿ ಚುಕ್ಕೆಗಳು, ಇವು ಅದರ ಮೊದಲ ಗುರುತು. ಬಂಗಾಳದ ಕೊಳವೆಬಾವಿಗಳ ದುರಂತ ಜಗತ್ಪ್ರಸಿದ್ಧವಾಗಿದೆ. ನಮ್ಮಲ್ಲಿಯೂ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ, ಪುರಾತನ ಚಿನ್ನದ ಗಣಿಗಳ ಸೀಮೆಯಲ್ಲಿ, ಇಂಥ ನೀರನ್ನೂ ಇಂಥ ಚರ್ಮವಿಕಾರಗಳನ್ನೂ ವಿಜ್ಞಾನಿಗಳು ಕಂಡಿದ್ದಾರೆ.

ತಳಕೋಶದ ಏಡಿಗಂತಿ ಪ್ರಾಯಶಃ ಮುಖದ ಮೇಲಣದು. ಕಣ್ಣಿನ ಒಳಮೂಲೆ, ಮೂಗಿನ ಪಕ್ಕ, ಕೆನ್ನೆ ಅದರ ನೆಲೆ. ಮೊದಲು ನೋವಿಲ್ಲದ, ಮುತ್ತಿನಂತೆ ಮಿನುಗುವ ಒಂದು ಗುಳ್ಳೆ. ಅದರ ಮೇಲೆ ಸಣ್ಣ ರಕ್ತನಾಳಗಳು ಕೂದಲೆಳೆಗಳಂತೆ ಕಾಣುವುವು. ತರುವಾಯ ನಡುವೆ ಕುಸಿದು ಹುಣ್ಣಾಗಿ, ಹಕ್ಕಳೆ ಕಟ್ಟಿ, ಹಕ್ಕಳೆ ಬಿದ್ದು, ತುಸು ರಕ್ತ ಜಿನುಗಿ, ವಾಸಿಯಾದಂತೆ ತೋರಿ ಮತ್ತೆ ಒಡೆಯುತ್ತದೆ. ಡಬ್ಲಿನ್ನಿನ ಆರ್ಥರ್ ಜೇಕಬ್ 1827ರಲ್ಲಿ ವರ್ಣಿಸಿದ ಈ ಹುಣ್ಣಿಗೆ ಇಂಗ್ಲಿಷರು ಇಲಿ ಕಡಿದ ಹುಣ್ಣೆಂಬ ಹೆಸರಿಟ್ಟರು. ಇದು ದೂರದ ಅಂಗಗಳಿಗೆ ಹರಡುವುದು ಅತ್ಯಪೂರ್ವ. ಆದರೆ ಅಲಕ್ಷಿಸಿದರೆ ಇದ್ದ ಕಡೆಯಲ್ಲಿಯೇ ಕೊರೆಯುತ್ತ ಮೂಗನ್ನೂ ಕಣ್ಣನ್ನೂ ಎಲುಬನ್ನೂ ನುಂಗುವುದು. ನಮ್ಮವರ ಚರ್ಮದಲ್ಲಿ ಈ ಗುಳ್ಳೆ ಹಲವು ವೇಳೆ ಕಪ್ಪಗಿದ್ದು, ಹುಟ್ಟುಮಚ್ಚೆಯೆಂದೋ ನರುಲಿಯೆಂದೋ ಕಣ್ಣಿಗೆ ಮೋಸಮಾಡುತ್ತದೆ. ಒಂದು ತಿಂಗಳಿಗೂ ಮೀರಿ ಮಾಯದೆ, ಮತ್ತೆ ಮತ್ತೆ ಹಕ್ಕಳೆ ಕಟ್ಟುವ ಮುಖದ ಹುಣ್ಣು ಏನೇ ಆಗಿರಲಿ, ಅದನ್ನು ವೈದ್ಯನಿಗೆ ತೋರಿಸತಕ್ಕದ್ದು.

ಶಲ್ಕಕೋಶದ ಏಡಿಗಂತಿ ಇದಕ್ಕಿಂತ ಉಗ್ರ. ಒರಟಾದ ಬೊಕ್ಕೆ, ಹೂಕೋಸಿನಂತೆ ಮೇಲೆದ್ದ ಗಂಟು, ಅಥವಾ ಅಂಚು ಹೊರಕ್ಕೆ ಮಗುಚಿಕೊಂಡ, ಮುಟ್ಟಿದರೆ ತಳ ಗಟ್ಟಿಯಾಗಿ ಹತ್ತುವ ಹುಣ್ಣು, ಇವು ಅದರ ರೂಪಗಳು. ಕೆಳದುಟಿ, ಕಿವಿ, ಮುಂಗೈ ಮತ್ತು ಮೇಲೆ ಹೇಳಿದ ಹಳೆಯ ಕಲೆಗಳು ಅದರ ನೆಲೆಗಳು. ಇದು ಕೊರಳಿನ, ಕಂಕುಳಿನ, ತೊಡೆಸಂದಿನ ದುಗ್ಧರಸಗ್ರಂಥಿಗಳಿಗೆ ಹರಡಬಲ್ಲುದು. ಹಳೆಯ ಕಲೆಯಲ್ಲಿ ಹುಟ್ಟಿದ್ದಕ್ಕೆ ಹರಡುವ ಸ್ವಭಾವ ಇನ್ನೂ ಹೆಚ್ಚು. ಶಾಂತವಾಗಿದ್ದ ಕಲೆಯ ಹುಣ್ಣು ದುರ್ನಾತ ಹೊಡೆಯತೊಡಗಿದರೆ, ಅಂಚು ದಪ್ಪವೇರಿದರೆ, ನೋವಿಲ್ಲದಿದ್ದುದು ನೋಯತೊಡಗಿದರೆ, ಆ ಹುಣ್ಣಿನ ಸ್ವರೂಪ ಬದಲಾಗಿದೆಯೆಂದೇ ತಿಳಿಯಬೇಕು.

ಮೂರರಲ್ಲಿ ಅತಿ ಕ್ರೂರವಾದುದು ಮೆಲನೋಮ. 1985ರಲ್ಲಿ ನ್ಯೂಯಾರ್ಕಿನ ಚರ್ಮವೈದ್ಯರು ಮಚ್ಚೆಗಳನ್ನು ಪರಿಶೀಲಿಸಲು ಸುಲಭಸೂತ್ರವೊಂದನ್ನು ರೂಪಿಸಿದರು: ಮಚ್ಚೆಯ ಎರಡು ಅರ್ಧಗಳು ಹೊಂದದಿರುವುದು, ಅಂಚು ಕಚ್ಚುಕಚ್ಚಾಗಿರುವುದು, ಬಣ್ಣ ಒಂದೇ ಆಗಿರದೆ ಕಂದು ಕಪ್ಪು ಕೆಂಪು ನೀಲಿಗಳು ಬೆರೆತಿರುವುದು, ಅಡ್ಡಳತೆ 6 ಮಿಲಿಮೀಟರನ್ನು ಮೀರುವುದು. ಕಾಲಕ್ರಮದಲ್ಲಿ ಮಾರ್ಪಡುವುದೆಂಬ ಐದನೆಯ ಅಂಶವನ್ನು 2004ರಲ್ಲಿ ಸೇರಿಸಲಾಯಿತು. ನಮ್ಮ ಅಭಿಪ್ರಾಯದಲ್ಲಿ ಐದರಲ್ಲಿ ಹೆಚ್ಚು ಬೆಲೆಯುಳ್ಳದ್ದು ಇದೇ. ಬಹುಪಾಲು ಮೆಲನೋಮಗಳು ಹಳೆಯ ಮಚ್ಚೆಯಿಂದಲ್ಲ, ಮಚ್ಚೆಯೇ ಇಲ್ಲದ ಚರ್ಮದಲ್ಲಿ ಹೊಸದಾಗಿ ಹುಟ್ಟುವುವೆಂಬುದನ್ನೂ ನೆನಪಿಡಬೇಕು. ಭಾರತೀಯರಲ್ಲಿ ಇದು ವಿರಳ. ಬಂದಾಗ ಬಹಳ ಸಲ ಅಂಗಾಲು, ಹಿಮ್ಮಡಿ, ಅಂಗೈ, ಉಗುರಿನ ಬುಡಗಳಲ್ಲಿ ಬರುತ್ತದೆ. ಇಲ್ಲಿ ಬಿಸಿಲಿನ ಪಾತ್ರ ಅತ್ಯಲ್ಪ. ಹಿಮ್ಮಡಿಯ ಕಪ್ಪು ತೇಪೆಯನ್ನು ಮುಳ್ಳು ಚುಚ್ಚಿದ್ದೆಂದೋ ಆಣಿಯೆಂದೋ ಬಗೆದು ಬ್ಲೇಡಿನಿಂದ ಕೆತ್ತುವರು, ಸುಡುವ ಔಷಧಿ ಹಚ್ಚುವರು. ಹೆಬ್ಬೆರಳ ಉಗುರಿನಡಿ ಕಪ್ಪಾಗಿ ಊದಿದ್ದನ್ನು ಉಗುರುಸುತ್ತೆಂದು ತಿಳಿದು ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ತಿಂಗಳುಗಳನ್ನು ಕಳೆಯುವರು. ನಿಜವಾದ ಉಗುರುಸುತ್ತು ಕೆಲವೇ ದಿನಗಳಲ್ಲಿ ಕೀವಾಗಿ ಒಡೆದು ಮಾಯುತ್ತದೆ. ಮೆಲನೋಮ ಮಾಯುವುದಿಲ್ಲ, ಉಗುರಿನ ಕಪ್ಪುಗೆರೆ ಅಗಲವಾಗುತ್ತ ಉಗುರಿನ ಬುಡದ ಚರ್ಮಕ್ಕೂ ಹರಡುತ್ತದೆ. ಹಾಗೆ ಹರಡಿದ ಕಪ್ಪಿಗೆ ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್ನನ ಹೆಸರಿನ ಚಿಹ್ನೆಯೆಂದೇ ಪ್ರಸಿದ್ಧಿಯಿದೆ. ಜಮೈಕದ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನಡಿ 1977ರಲ್ಲಿ ಪತ್ತೆಯಾದದ್ದು ಇದೇ ಮೆಲನೋಮ; ಅದನ್ನು ಮೊದಲು ಕಾಲ್ಚೆಂಡಾಟದ ಪೆಟ್ಟೆಂದು ತಿಳಿಯಲಾಗಿತ್ತು. ಬೆರಳನ್ನು ತೆಗೆಸಿಕೊಳ್ಳಲು ಒಪ್ಪದ ಆತ 1981ರಲ್ಲಿ, ತನ್ನ 36ನೆಯ ವಯಸ್ಸಿನಲ್ಲಿ, ತೀರಿಕೊಂಡನು.

ಕಣ್ಣು ಸಂಶಯಪಟ್ಟದ್ದನ್ನು ಸೂಕ್ಷ್ಮದರ್ಶಕ ನಿಶ್ಚಯಿಸಬೇಕು. ಇದಕ್ಕಾಗಿ ತುಣುಕು ತೆಗೆದು ಪರೀಕ್ಷಿಸುವುದೇ ಬಯಾಪ್ಸಿ. ದೊಡ್ಡ ಹುಣ್ಣಾದರೆ ಅಂಚಿನಿಂದ ತುಣುಕೊಂದನ್ನು ತೆಗೆಯುವರು, ಹುಣ್ಣಿನ ನಡುವಿನಿಂದಲ್ಲ, ಏಕೆಂದರೆ ನಡುವೆ ಸತ್ತ ಅಂಗಾಂಶವೇ ತುಂಬಿರುತ್ತದೆ. ಮೆಲನೋಮದ ಸಂಶಯವಿದ್ದಲ್ಲಿ ಸಾಧ್ಯವಾದಷ್ಟೂ ಇಡೀ ಮಚ್ಚೆಯನ್ನೇ 2 ಮಿಲಿಮೀಟರಿನಷ್ಟು ಅಂಚು ಸೇರಿಸಿ ಕೊಯ್ದು ತೆಗೆಯುವರು. ಚಾಕು ತಾಗಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುವುದೆಂಬ ಭಯ ಜನರಲ್ಲಿ ಆಳವಾಗಿದೆ, ಅದಕ್ಕೆ ಆಧಾರವಿಲ್ಲ. ಬ್ಲೇಡಿನಿಂದ ಮನೆಯಲ್ಲಿ ಕೆತ್ತುವುದು ಮಾತ್ರ ನಿಜಕ್ಕೂ ಕೇಡು: ಅದು ರೋಗನಿರ್ಣಯವನ್ನು ತಿಂಗಳುಗಟ್ಟಲೆ ಮುಂದೂಡುತ್ತದೆ.

ಈ ರೋಗದ ಶಸ್ತ್ರಚಿಕಿತ್ಸೆಯ ಇತಿಹಾಸ ಬಹುಮಟ್ಟಿಗೆ ಎಷ್ಟು ಕೊಯ್ಯಬೇಕೆಂಬ ಪ್ರಶ್ನೆಯ ಇತಿಹಾಸ. ಲಂಡನ್ನಿನ ಜಾನ್ ಹಂಟರ್ 1787ರಲ್ಲಿ ಒಬ್ಬನ ದವಡೆಯ ಬಳಿ ಮರುಕಳಿಸಿದ ಕಪ್ಪು ಗಂಟೊಂದನ್ನು ಕೊಯ್ದು ತೆಗೆದು ಜಾಡಿಯಲ್ಲಿ ಇಟ್ಟನು. ಅವನಿಗೆ ಅದರ ಹೆಸರು ಗೊತ್ತಿರಲಿಲ್ಲ. 1968ರಲ್ಲಿ ಅದೇ ಜಾಡಿಯ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಮೆಲನೋಮವೆಂದು ಖಚಿತವಾಯಿತು. ಈ ವ್ಯಾಧಿಯನ್ನು ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟವನು, ಎದೆಬಡಿತ ಕೇಳುವ ಸ್ಟೆಥಾಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್, 1804ರ ಸುಮಾರಿನಲ್ಲಿ. 1907ರಲ್ಲಿ ಲಂಡನ್ನಿನ ಸ್ಯಾಂಪ್ಸನ್ ಹ್ಯಾಂಡ್ಲಿ ಗಂಟಿನ ಸುತ್ತ ವಿಶಾಲವಾಗಿ ಕೊಯ್ಯಬೇಕೆಂದು ವಿಧಿಸಿದನು. ಮುಂದಣವರು ಅದನ್ನು ಎಲ್ಲ ಕಡೆಯೂ 5 ಸೆಂಟಿಮೀಟರ್ ಎಂಬ ನಿಯಮವಾಗಿಸಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪಾಲಿಸಿದರು. ಹ್ಯಾಂಡ್ಲಿಯ ಆಧಾರವಾದರೂ ಒಂದೇ ಒಂದು ಶವಪರೀಕ್ಷೆ! ಎಷ್ಟು ರೋಗಿಗಳ ತೊಡೆ ತೋಳುಗಳಲ್ಲಿ ಅನಾವಶ್ಯಕವಾಗಿ ಅಂಗೈಯಗಲದ ಕುಳಿಗಳು ಬಿದ್ದವೋ ಹೇಳಲಾಗದು. 1970ರಲ್ಲಿ ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೊ ರೋಗಿಯ ಆಯುಸ್ಸನ್ನು ನಿರ್ಧರಿಸುವುದು ಮೆಲನೋಮದ ಅಗಲವಲ್ಲ, ಆಳವೆಂದು ತೋರಿಸಿಕೊಟ್ಟನು. ಸೂಕ್ಷ್ಮದರ್ಶಕದ ನೇತ್ರಮಸೂರದಲ್ಲಿರುವ ಅಳತೆಪಟ್ಟಿಯಿಂದ ಹೊರಚರ್ಮದ ಮೇಲಣ ಪದರದಿಂದ ಅತ್ಯಂತ ಕೆಳಗಣ ಏಡಿಗಂತಿ ಕೋಶದವರೆಗೆ ಅಳೆದ ಈ ಮಿಲಿಮೀಟರುಗಳೇ ಇಂದಿಗೂ ಚಿಕಿತ್ಸೆಯ ತಳಹದಿ. ಒಂದು ಮಿಲಿಮೀಟರಿಗಿಂತ ತೆಳುವಾಗಿದ್ದಾಗ ತೆಗೆದರೆ 100 ಮಂದಿಯಲ್ಲಿ 90ಕ್ಕಿಂತ ಹೆಚ್ಚು ಜನ ಐದು ವರ್ಷಗಳ ಮೇಲೂ ಬದುಕಿರುತ್ತಾರೆ; 4 ಮಿಲಿಮೀಟರ್ ದಾಟಿದ ಮೇಲೆ ಆ ಭರವಸೆ ಬಹಳವಾಗಿ ಕುಂದುತ್ತದೆ. 1988ರಲ್ಲಿ ಇಟಲಿಯ ವೆರೊನೇಸಿ ಮತ್ತು ಸಂಗಡಿಗರು ತೆಳುವಾದ ಮೆಲನೋಮಗಳಲ್ಲಿ 1 ಸೆಂಟಿಮೀಟರ್ ಅಂಚಿಟ್ಟು ಕೊಯ್ದರೂ 3 ಸೆಂಟಿಮೀಟರ್ ಇಟ್ಟು ಕೊಯ್ದರೂ ಬದುಕುಳಿಯುವವರ ಪ್ರಮಾಣದಲ್ಲಿ ವ್ಯತ್ಯಾಸವಿಲ್ಲವೆಂದು ಪ್ರಕಟಿಸಿದ ಮೇಲೆ ಹಳೆಯ ನಿಯಮ ಅಳಿಯಿತು. ಈಗ ಆಳ 1 ಮಿಲಿಮೀಟರಿನವರೆಗಿದ್ದರೆ 1 ಸೆಂಟಿಮೀಟರ್, 2 ಮಿಲಿಮೀಟರನ್ನು ಮೀರಿದರೆ 2 ಸೆಂಟಿಮೀಟರ್, ನಡುವಣವಕ್ಕೆ ಎರಡರ ಮಧ್ಯೆ ಅಂಚಿಡುವುದು ರೂಢಿ. ಸೌಮ್ಯವಾದ ತಳಕೋಶದ ಏಡಿಗಂತಿಗೆ 4 ಮಿಲಿಮೀಟರ್ ಸಾಕು. ಶಲ್ಕಕೋಶದ್ದಕ್ಕೆ 4ರಿಂದ 6, ಅಪಾಯಕಾರಿಯಾದರೆ ಇನ್ನೂ ಹೆಚ್ಚು.

ಶಸ್ತ್ರಕ್ರಿಯೆ ಬಹುಪಾಲು ಸಣ್ಣದೇ. ಹಲವರು ಅಂದೇ ಮನೆಗೆ ಹೋಗುವರು. ಶಸ್ತ್ರವೈದ್ಯ ಮೊದಲು ಒಳ್ಳೆಯ ಬೆಳಕಿನಲ್ಲಿ ಗಂಟಿನ ಅಂಚನ್ನು ಮಸಿಯ ಲೇಖನಿಯಿಂದ ಗುರುತಿಸಿ, ಅದರ ಹೊರಗೆ ಅಳತೆಯ ಅಂಚನ್ನು ಬರೆಯುತ್ತಾನೆ. ಅರಿವಳಿಕೆಯ ಸೂಜಿ ಚುಚ್ಚುವ ಮುನ್ನವೇ ಇದು ಆಗಬೇಕು, ಏಕೆಂದರೆ ಮದ್ದು ಒಳಹೊಕ್ಕೊಡನೆ ಚರ್ಮ ಊದಿ ಬಿಳಿಚಿಕೊಂಡು ಅಂಚು ಮಸುಕಾಗುವುದು. ಅರಿವಳಿಕೆಯ ಮದ್ದಾದ ಲಿಗ್ನೊಕೇನಿಗೆ ಅತ್ಯಲ್ಪ ಅಡ್ರಿನಲಿನ್ ಬೆರೆಸುವುದು ರಕ್ತ ಹರಿಯದಿರಲೆಂದು. ಕೊಯ್ತದ ಆಕಾರ ಎಲೆಯಂತೆ, ಉದ್ದ ಅಗಲದ ಸುಮಾರು ಮೂರರಷ್ಟು, ಚರ್ಮದ ಸಹಜ ನೆರಿಗೆಗಳ ದಿಕ್ಕಿನಲ್ಲಿ. ಹಾಗಿದ್ದರೆ ಹೊಲಿಗೆಯ ಗುರುತು ನೆರಿಗೆಯಲ್ಲಿ ಅಡಗುತ್ತದೆ. ತೆಗೆದ ತುಂಡಿನ ಒಂದು ತುದಿಗೆ ದಾರದ ಗಂಟು ಹಾಕಿ ಪ್ರಯೋಗಶಾಲೆಗೆ ಕಳಿಸುವರು. ಯಾವ ಅಂಚಿನಲ್ಲಿ ರೋಗ ಉಳಿದಿದೆಯೆಂದು ಅಲ್ಲಿಂದ ಉತ್ತರ ಬಂದಾಗ, ಗಾಯದ ಯಾವ ದಿಕ್ಕಿನಲ್ಲಿ ಮತ್ತೆ ಕೊಯ್ಯಬೇಕೆಂಬುದನ್ನು ತಿಳಿಸುವುದು ಈ ದಾರದ ತುಣುಕು. ಮುಖದ ಹೊಲಿಗೆಯನ್ನು ಒಂದು ವಾರದೊಳಗೆ ಬಿಚ್ಚುವರು. ಬೆನ್ನು, ಕಾಲುಗಳದ್ದಕ್ಕೆ ಸುಮಾರು ಎರಡು ವಾರ ಬೇಕು.

ಮುಖದ ತಳಕೋಶದ ಏಡಿಗಂತಿ ಗರಿಕೆಹುಲ್ಲಿನ ಸ್ವಭಾವದ್ದು: ಮೇಲೆ ಕಂಡಷ್ಟನ್ನು ಕಿತ್ತರೆ ನೆಲದಡಿ ಹಬ್ಬಿದ ಬೇರಿನಿಂದ ಮತ್ತೆ ಚಿಗುರುತ್ತದೆ. ಇದಕ್ಕೆ ಉಪಾಯ ಕಂಡವನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಫ್ರೆಡೆರಿಕ್ ಮೋಸ್. ಸತುವಿನ ಕ್ಲೋರೈಡಿನ ಲೇಪ ಚರ್ಮವನ್ನು ಇದ್ದಲ್ಲಿಯೇ ಕೊಂದರೂ ಅದರ ಸೂಕ್ಷ್ಮರಚನೆಯನ್ನು ಕೆಡಿಸುವುದಿಲ್ಲವೆಂದು ವಿದ್ಯಾರ್ಥಿದೆಸೆಯಲ್ಲಿಯೇ ಗಮನಿಸಿದ ಅವನು 1936ರಿಂದ ರೋಗಿಗಳಿಗೆ ಅದನ್ನು ಬಳಸಿ, 1941ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದನು. ಈಗ ಲೇಪವಿಲ್ಲ, ತತ್ತ್ವ ಮಾತ್ರ ಅದೇ. ತೆಳುವಾದ ತಟ್ಟೆಯಂತೆ ಒಂದು ಪದರ ತೆಗೆದು, ಅಂಚುಗಳಿಗೆ ಬೇರೆಬೇರೆ ಬಣ್ಣ ಹಚ್ಚಿ, ನಕ್ಷೆ ಬರೆದು, ತಳವನ್ನೂ ಅಂಚನ್ನೂ ಪೂರ್ತಿಯಾಗಿ ಅಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ನೋಡುವರು. ನಕ್ಷೆಯ ಯಾವ ಮೂಲೆಯಲ್ಲಿ ರೋಗವುಳಿದಿದೆಯೋ ಆ ಮೂಲೆಯಿಂದ ಮಾತ್ರ ಇನ್ನೊಂದು ಪದರ. ರೋಗಿ ಗಾಯಕ್ಕೆ ಪಟ್ಟಿ ಕಟ್ಟಿಕೊಂಡು ಹೊರಗೆ ಕಾದು ಕುಳಿತಿರುತ್ತಾನೆ. ಸಾಮಾನ್ಯ ಪರೀಕ್ಷೆಯಲ್ಲಿ ತುಂಡನ್ನು ರೊಟ್ಟಿಯಂತೆ ಹೋಳುಮಾಡಿ ಕೆಲವನ್ನಷ್ಟೇ ನೋಡುವುದರಿಂದ ಅಂಚಿನ ಶೇಕಡ ಒಂದರಷ್ಟೂ ಕಣ್ಣಿಗೆ ಬೀಳದೆಂಬುದನ್ನು ನೆನೆದರೆ ಈ ವಿಧಾನದ ಬೆಲೆ ಗೊತ್ತಾಗುವುದು. ಮೊದಲ ಸಲ ಬಂದ ತಳಕೋಶದ ಏಡಿಗಂತಿ ಇದರಿಂದ 100ಕ್ಕೆ 99ರಷ್ಟು ಗುಣವಾಗುತ್ತದೆ. ಸಮಯವೂ ಪರಿಣತಿಯೂ ಹೆಚ್ಚು ಬೇಕಾದುದರಿಂದ ನಮ್ಮಲ್ಲಿ ಇದು ಕೆಲವೇ ಕೇಂದ್ರಗಳಲ್ಲಿ ದೊರೆಯುತ್ತದೆ.

ಕೊಯ್ದ ಎಡೆಯನ್ನು ಮುಚ್ಚುವ ಕಲೆಯಲ್ಲಿ ನಮ್ಮ ನಾಡಿನ ಪಾಲೊಂದಿದೆ. ಮೂಗಿನ ತುದಿ ಹೋದವನಿಗೆ ಹಣೆಯ ಚರ್ಮದ ಪಟ್ಟಿಯೊಂದನ್ನು ಹುಬ್ಬಿನ ಬಳಿ ರಕ್ತನಾಳ ಉಳಿಸಿ ಬಿಡಿಸಿ, ತಿರುಗಿಸಿ ಮೂಗಿನ ಮೇಲೆ ಕೂಡಿಸುವ ವಿಧಾನ ಇಂದು ಲೋಕವೆಲ್ಲ ನಡೆಯುತ್ತಿದೆ. ಸುಶ್ರುತ ಕೆನ್ನೆಯ ಚರ್ಮದಿಂದ ಮೂಗು ಮಾಡುವುದನ್ನು ಹೇಳಿದ್ದಾನೆ. ಹಣೆಯ ವಿಧಾನ ಪಶ್ಚಿಮಕ್ಕೆ ತಲುಪಿದ ದಾರಿ ಮೈಸೂರು ಯುದ್ಧಭೂಮಿಯನ್ನು ಹಾದುಹೋಯಿತು. 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠನು ಟಿಪ್ಪುವಿನ ಸೆರೆಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಮುಂದೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಮೇಣದ ತೆಳುಹಾಳೆಯಿಂದ ಮೂಗಿನ ಅಚ್ಚು ತೆಗೆದು, ಅದನ್ನು ಹಣೆಯ ಮೇಲೆ ಹರಡಿ, ಗೆರೆಯೆಳೆದು, ಕೊಯ್ದು ಹೊಸ ಮೂಗನ್ನು ಮಾಡಿದ್ದನ್ನು ಇಂಗ್ಲಿಷ್ ವೈದ್ಯರು ಕಣ್ಣಾರೆ ಕಂಡರು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಚಿತ್ರಸಹಿತ ಅದನ್ನು ಪ್ರಕಟಿಸಿತು. ಓದಿ ಬೆರಗಾದ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಶವಗಳ ಮೇಲೆ ಅಭ್ಯಾಸ ಮಾಡಿ 1814ರಲ್ಲಿ ಲಂಡನ್ನಿನಲ್ಲಿ ಅದನ್ನು ನಡೆಸಿ ಯಶಸ್ವಿಯಾದನು. ಹುಬ್ಬಿನ ಬಳಿಯ ಆ ಚರ್ಮದ ಸೇತುವೆಯನ್ನು ಇಂದು ಸುಮಾರು ಮೂರು ವಾರಗಳ ಮೇಲೆ, ಮೂಗು ತನ್ನದೇ ರಕ್ತದಿಂದ ಬದುಕತೊಡಗಿದ ಬಳಿಕ, ಕತ್ತರಿಸುವರು. ಬೇರೆ ಎಡೆಗಳಿಗೆ ತೊಡೆಯಿಂದ ತೆಳುವಾದ ಚರ್ಮವನ್ನು ಎತ್ತಿ ಕಸಿಮಾಡುವುದು ವಾಡಿಕೆ. ಅಂಗಾಲಿಗೆ ಮಾತ್ರ ಇದು ಹೊಂದದು: ತೊಡೆಯ ಚರ್ಮ ಮೈಭಾರವನ್ನು ತಾಳದೆ ಒಡೆಯುತ್ತದೆ, ಆದಕಾರಣ ಹಿಮ್ಮಡಿಯ ಗಾಯಕ್ಕೆ, ನೆಲ ಸೋಕದ ಅಂಗಾಲಿನ ಒಳಬದಿಯ ಚರ್ಮವನ್ನೇ ಅದರ ರಕ್ತನಾಳದೊಡನೆ ಸರಿಸಿ ಕೂಡಿಸುವರು.

ದುಗ್ಧರಸಗ್ರಂಥಿಗಳ ವಿಷಯದಲ್ಲಿಯೂ ಕತ್ತಿ ಸಂಯಮವನ್ನು ಕಲಿತಿದೆ. ಮೊದಲು ಮೆಲನೋಮದೊಡನೆ ತೊಡೆಸಂದಿನ ಗ್ರಂಥಿಗಳನ್ನೆಲ್ಲ ತೆಗೆದುಹಾಕಿ, ರೋಗಿಯನ್ನು ಆಜೀವ ಊದಿದ ಕಾಲಿನೊಡನೆ ಮನೆಗೆ ಕಳಿಸುತ್ತಿದ್ದರು. 1992ರಲ್ಲಿ ಅಮೆರಿಕದ ಶಸ್ತ್ರವೈದ್ಯ ಡೊನಾಲ್ಡ್ ಮಾರ್ಟನ್, ಗಂಟಿದ್ದ ಎಡೆಗೆ ನೀಲಿ ಬಣ್ಣವನ್ನು ಚುಚ್ಚಿ, ಅದು ಮೊದಲು ಹರಿದು ಸೇರುವ ಒಂದೆರಡು ಕಾವಲು ಗ್ರಂಥಿಗಳನ್ನು ಮಾತ್ರ ತೆಗೆದು ಪರೀಕ್ಷಿಸಿದರೆ ಸಾಕೆಂದು ತೋರಿಸಿದನು. ಕಾವಲು ಗ್ರಂಥಿಯಲ್ಲಿ ರೋಗ ಕಂಡರೂ ಉಳಿದವನ್ನೆಲ್ಲ ತೆಗೆಯುವುದರಿಂದ ಆಯುಷ್ಯ ಹೆಚ್ಚುವುದಿಲ್ಲವೆಂದು 2017ರಲ್ಲಿ ಗೊತ್ತಾಯಿತು. ಕೈಗೆ ಸಿಗುವಷ್ಟು ದೊಡ್ಡದಾದ ಗ್ರಂಥಿಗೆ ಮಾತ್ರ ಹಳೆಯ ದೊಡ್ಡ ಶಸ್ತ್ರಕ್ರಿಯೆ ಈಗಲೂ ಉಂಟು.

ಶಸ್ತ್ರಕ್ರಿಯೆಗೆ ಮೈ ತಾಳದ ವೃದ್ಧರಿಗೆ ವಿಕಿರಣ ಚಿಕಿತ್ಸೆಯೂ, ಹರಡಿದ ಮೆಲನೋಮಕ್ಕೆ 2011ರಿಂದೀಚೆಗೆ ಬಂದ, ದೇಹದ ರೋಗನಿರೋಧಕ ಶಕ್ತಿಯನ್ನು ಪ್ರಚೋದಿಸುವ ಔಷಧಿಗಳೂ ಇವೆ. ಎರಡನೆಯವು ಕೆಲವರನ್ನು ಅಚ್ಚರಿಯೆನ್ನುವಷ್ಟು ಕಾಲ ಉಳಿಸಿವೆಯಾದರೂ ಅವುಗಳ ಬೆಲೆ ಸಾಮಾನ್ಯ ಕುಟುಂಬದ ಕೈಗೆಟುಕುವಂಥದಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯೂ ಜಿಲ್ಲಾ ಕೇಂದ್ರಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೂ ಈ ರೋಗವನ್ನು ಪರೀಕ್ಷಿಸಿ ಚಿಕಿತ್ಸೆ ಮಾಡಬಲ್ಲವು. ಒಮ್ಮೆ ಗುಣವಾದವರು ಮೊದಲ ಎರಡು ಮೂರು ವರ್ಷ ಕೆಲವು ತಿಂಗಳಿಗೊಮ್ಮೆ ತಪ್ಪದೆ ತೋರಿಸಿಕೊಳ್ಳಬೇಕು, ಏಕೆಂದರೆ ಮರುಕಳಿಸುವುದಿದ್ದರೆ ಹೆಚ್ಚಾಗಿ ಆ ಅವಧಿಯಲ್ಲಿಯೇ. ಉಳಿದವರು ತಿಂಗಳಿಗೊಮ್ಮೆ ಸ್ನಾನಕ್ಕೆ ಕುಳಿತಾಗ ಪಾದವನ್ನು ಮಗುಚಿ ಅಂಗಾಲನ್ನೂ ಬೆರಳ ಸಂದುಗಳನ್ನೂ ಒಮ್ಮೆ ನೋಡಿಕೊಳ್ಳಲಿ; ಮನೆಯ ಹಿರಿಯರಿಗೆ ಬಗ್ಗಲಾಗದಿದ್ದರೆ ಕಿರಿಯರು ನೋಡಿ ಹೇಳಲಿ.